ತಟ್ಟದ ಬಾಗಿಲು

ಬಡಗಿ ಮುಂಬಾಗಿಲಿನ ಮೂರನೇ ಕೀಲಿನ ಸ್ಕ್ರೂ ಬಿಚ್ಚುತ್ತಿದ್ದ. ಆ ಬಾಗಿಲು ಮುಕ್ಕಾಲು ಭಾಗವಷ್ಟೇ ತೆರೆಯುತ್ತಿತ್ತು. ಮಲಗಿಸಿದ ಮನುಷ್ಯನನ್ನು ಹೊತ್ತು ನಾಲ್ವರು ಹಾಯುವಂತಿರಲಿಲ್ಲ.

"ಊರಿಗೆಲ್ಲ ಬೀಗ, ಚಿಲಕ, ಕೀಲು ಮಾರಿದ ಪುಣ್ಯಾತ್ಮ. ಸ್ವಂತ ಮನೆ ಬಾಗಿಲು ಸರಿ ಮಾಡಿಸ್ಕೊಳ್ಳೋಕೆ ಪುರುಸೊತ್ತಿರ್ಲಿಲ್ಲ" ಎಂದು ಗೊಣಗಿದ.

"ಕಾದಂಬರಿ ಬರೀಬೇಕಿತ್ತಲ್ಲ, ಪುರುಸೊತ್ತು ಎಲ್ಲಿಂದ ಬರುತ್ತೆ?" ಬಾಗಿಲಿನ ಅಂಚು ಹಿಡಿದಿದ್ದ ಕ್ಷೌರಿಕ ಹೇಳಿದ. "ನನಗೆ ಒಂದರಲ್ಲಿ ಮೂರು ಮದುವೆ ಮಾಡಿಸಿದ್ದ. ಆರು ತಿಂಗಳು ಮನೇಲಿ ನೆಟ್ಟಗೆ ಊಟ ಹಾಕ್ಲಿಲ್ಲ."

"ನಿನ್ನದೇ ವಾಸಿ. ನನ್ನನ್ನ ಬಾವಿಗೆ ತಳ್ಳಿದ್ದ."

ಇಬ್ಬರೂ ನಕ್ಕರು. ನಕ್ಕಿದ್ದು ಅರಿವಿಗೆ ಬಂದು ಬಡಗಿ ಕಣ್ಣೊರೆಸಿಕೊಂಡ.

ಬೀಗದಣ್ಣ ಬರೆದದ್ದು ಹನ್ನೊಂದು ಕಾದಂಬರಿ. ಅಂಗಡಿಯ ಬಾಗಿಲು ತೆಗೆದಮೇಲೆ ಮೊದಲ ಗಿರಾಕಿ ಬರುವವರೆಗಿನ ಹೊತ್ತಿನಲ್ಲಿ, ಬೀಗ ಬರುವ ರಟ್ಟಿನ ಡಬ್ಬಿ ಬಿಡಿಸಿ, ಅದರ ಒಳಮೈಮೇಲೆ ಬರೆದದ್ದು. ಬೀದಿಯವರೆಲ್ಲ ಹೆಸರು, ವೇಷ ಬದಲಿಸಿಕೊಂಡು ಅವುಗಳಲ್ಲಿ ಓಡಾಡುತ್ತಿದ್ದರು. ಬೈದುಕೊಳ್ಳುತ್ತಲೇ ತಮ್ಮ ಪುಟ ಯಾವುದೆಂದು ಬಾಯಿಪಾಠ ಮಾಡಿದ್ದರು.

ಒಳಗೆ ಅವನ ತಲೆಯ ಬಳಿ ಹೆಂಡತಿ ಕೂತಿದ್ದಳು, ಮುಷ್ಟಿಯಲ್ಲಿ ಅವನ ಬೀಗದಕೈ ಗೊಂಚಲು.

"ಅಮ್ಮ, ಒಂದು ಗುಟುಕು ನೀರಾದ್ರೂ ಕುಡಿ" ಎಂದಳು ಮಗಳು.

"ಎಲ್ಲರನ್ನೂ ಬರೆದ್ರು ಕಣೇ. ನನ್ನೊಬ್ಬಳನ್ನ ಬಿಟ್ಟು."

ಮಗಳು ಹುಟ್ಟಿದಾಗಿನಿಂದ ಕೇಳಿದ ದೂರು ಇದು. ಇವತ್ತು ಅದಕ್ಕೆ ಉತ್ತರ ಕೊಡಬೇಕಾದವನೇ ಇರಲಿಲ್ಲ.

* * *

ನಾಲ್ಕನೆಯ ಕಾದಂಬರಿ ಅಚ್ಚಾಗಿ ಮನೆಗೆ ಬಂದಾಗ ಹೆಂಡತಿ ಎರಡೇ ದಿನದಲ್ಲಿ ಓದಿ ಮುಗಿಸಿದ್ದಳು.

"ಇದರಲ್ಲೂ ನಾನಿಲ್ಲ."

"ಇದ್ದೀಯಲ್ಲ" ಎಂದ ಅವನು, ಅಂಗಿ ಗೂಟಕ್ಕೆ ಹಾಕುತ್ತ.

"ಎಲ್ಲಿ? ಪುಟ ತೋರ್ಸಿ."

ಅವನು ಪುಸ್ತಕ ತೆಗೆದುಕೊಂಡು ಹಿಂದೆ ಮುಂದೆ ತಿರುವಿದ, ಕಿವಿ ಕೆರೆದುಕೊಂಡ, ಮುಖ ಕೆಂಪಗಾಯಿತು. "ಹಾಲು ಉಕ್ಕುತ್ತೆ ನೋಡು" ಎಂದ.

ಒಲೆಯ ಮೇಲೆ ಹಾಲೇ ಇರಲಿಲ್ಲ. ಆಮೇಲೆ ಅವಳು ಗಂಡನ ಪುಸ್ತಕ ಮುಟ್ಟಲಿಲ್ಲ. ಆದರೆ ದಿನಾ ಸಂಜೆ ಬೀದಿಯ ತಿರುವಿನಲ್ಲಿ ಅವನ ಜೇಬಿನ ಬೀಗದಕೈಗಳು ಝಣಝಣ ಎನ್ನುತ್ತಲೇ ಒದ್ದೆ ಕೈ ಒರೆಸಿಕೊಂಡು ಹೋಗಿ ಬಾಗಿಲು ತೆಗೆಯುತ್ತಿದ್ದಳು. ಮಾತು ಬಿಟ್ಟ ದಿನಗಳಲ್ಲೂ ಅದೊಂದು ತಪ್ಪಲಿಲ್ಲ.

* * *

ಮಣ್ಣು ಮುಗಿಸಿ ಎಲ್ಲರೂ ಹೊರಟಾಗ ದಪ್ಪ ಕನ್ನಡಕದ ಮುದುಕರೊಬ್ಬರು ಅವಳ ಮುಂದೆ ಬಂದು ಕೈಮುಗಿದರು.

"ನಾನು ಪ್ರೆಸ್ಸಲ್ಲಿ ಪ್ರೂಫ್ ನೋಡ್ತಿದ್ದೋನು ತಾಯಿ. ಅವರ ಹನ್ನೊಂದೂ ನಾನೇ ನೋಡಿದ್ದು. ಒಂದೇ ಒಂದು ಸಲ ನನ್ನ ಮೇಲೆ ರೇಗಿದ್ರು."

"ಅವರು ರೇಗಿದ್ರಾ?"

"ನಾಲ್ಕನೇದರಲ್ಲಿ. ಒಬ್ಬ ಮನೆಗೆ ಬರ್ತಾನೆ, ಕದಾನೇ ತಟ್ಟಲ್ಲ, ಬಾಗಿಲು ತೆರ್ಕೊಳ್ಳುತ್ತೆ. ಮರೆತಿರ್ಬೇಕು ಅಂತ 'ಕದ ತಟ್ಟಿದ' ಅಂತ ನಾನೇ ಸೇರಿಸ್ಬಿಟ್ಟೆ. ಅಂಗಡಿ ಮುಚ್ಚಿ ಓಡಿ ಬಂದ್ರು, ಅಚ್ಚಾಗಿದ್ದ ಹಾಳೇನೆಲ್ಲ ಹರಿದು ಹಾಕಿಸಿದ್ರು. 'ರೀ, ಮನೆಗೆ ಹೋಗಿ ಕದ ತಟ್ಟೋ ಪ್ರಸಂಗವೇ ನನಗೆ ಬಂದಿಲ್ಲ, ಅದನ್ನ ಹೇಗೆ ಬರೀಲಿ?' ಅಂದ್ರು. ಆಮೇಲೆ ನಾನೂ ಗಮನಿಸ್ತಾ ಬಂದೆ. ಹನ್ನೊಂದರಲ್ಲೂ ಮನೆಗೆ ಬಂದೋನು ಯಾವನೂ ಕದ ತಟ್ಟಿಲ್ಲ, ತಾಯಿ."

ಅವಳು ಮುಷ್ಟಿ ಬಿಚ್ಚಿ ಬೀಗದಕೈ ಗೊಂಚಲನ್ನು ನೋಡಿದಳು.

"ಇದನ್ನ ಹೇಳೋದಕ್ಕೆ ಏನು ಧಾಡಿಯಾಗಿತ್ತು ಇವರಿಗೆ!" ಎಂದಳು. ಆ ದಿನ ಮೊದಲ ಬಾರಿಗೆ ಅತ್ತಳು.

ಪಕ್ಕದಲ್ಲಿದ್ದ ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಮಾಮ, ಅಮ್ಮನ್ನ ನಿಧಾನವಾಗಿ ಕರ್ಕೊಂಡು ಬನ್ನಿ" ಎಂದು ಕ್ಷೌರಿಕನಿಗೆ ಹೇಳಿ ಬಿರಬಿರನೆ ಮುಂದೆ ನಡೆದಳು.

ಅಷ್ಟರಲ್ಲಿ ಬಡಗಿ ಮೊದಲೇ ಮನೆಗೆ ಬಂದು ಬಾಗಿಲಿನ ಅಂಚು ಹೆರೆದು, ಎಣ್ಣೆ ಬಿಟ್ಟು, ಮತ್ತೆ ಕೂರಿಸಿದ್ದ. ಕ್ಷೌರಿಕನ ಜೊತೆ ಬಂದ ತಾಯಿ ಮೆಟ್ಟಿಲು ಹತ್ತಿ ನಿಂತಳು. ಬಾಗಿಲು ಮುಚ್ಚಿತ್ತು. ಈಚೆ ಕಡೆಯಿಂದ ಅದನ್ನು ಹೀಗೆ ನೋಡಿದ ನೆನಪೇ ಅವಳಿಗೆ ಇರಲಿಲ್ಲ. ತಟ್ಟಲೆಂದು ಕೈ ಎತ್ತಿದಳು. ಆ ಕೈಯಲ್ಲಿದ್ದ ಗೊಂಚಲು ಝಣಝಣ ಎಂದಿತು.

ಬೆರಳಗೆಣ್ಣು ಮರಕ್ಕೆ ತಾಗುವ ಮೊದಲೇ ಬಾಗಿಲು ಪೂರ್ತಿ ತೆರೆದುಕೊಂಡಿತು. ಒಳಗೆ ಮಗಳು ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.