ಬೀಗರು ಕೂತ ಪೈಪು

ಮೂವತ್ತೊಂದು ವರ್ಷಗಳಿಂದ ಬಾಲಿಕ್ಚಿಯ ಬಂದರಿನಲ್ಲಿ ದೋಣಿಗಳಿಗೆ ಇಂಜಿನ್ ಕೂರಿಸುತ್ತಿದ್ದೇನೆ. ನಾನು ಕೂರಿಸಿದ ಒಂದೇ ಒಂದು ಇಂಜಿನ್ನೂ ಸರೋವರದ ನೀರು ಕುಡಿದಿಲ್ಲ. ಹೆಂಗಸು ಸ್ಪ್ಯಾನರ್ ಹಿಡಿದರೆ ದೋಣಿ ಮುಳುಗುತ್ತದೆ ಎಂದು ಮೀಸೆ ತಿರುವಿದ್ದ ಗಂಡಸರೆಲ್ಲ ಆಮೇಲೆ ಟೋಪಿ ಕೈಯಲ್ಲಿ ಹಿಡಿದು, "ಜೂರಾ ಎಜೆ, ಸ್ವಲ್ಪ ನೋಡ್ಕೊಡಿ ಅಕ್ಕಾ" ಎಂದು ಬಂದವರೇ. ನನಗಿರುವ ಆಸ್ತಿ ಈ ಹೆಸರೊಂದೇ. ಗಂಡ ಬಿಟ್ಟುಹೋದದ್ದು ಒಂದು ಮೋಟಾರ್‌ಸೈಕಲ್, ಅದೂ ಓಡುವುದಿಲ್ಲ.

ಈ ವಸಂತದಲ್ಲಿ ನನ್ನಣ್ಣ ಶೇರ್ಗಾಜಿಯ ಪ್ರವಾಸಿ ದೋಣಿಯ ಹಳೇ ಇಂಜಿನ್ ಕೊನೆಗೂ ಕಣ್ಣು ಮುಚ್ಚಿತು. ಹೊಸದನ್ನು ನಾನೇ ಕೂರಿಸಿದೆ. ಇಂಜಿನ್ ತಂಪು ಮಾಡಿದ ನೀರು ಹೊಗೆಯ ಜೊತೆಗೇ ಸೈಲೆನ್ಸರ್ ಪೈಪಿನಲ್ಲಿ ಹಿಂದಕ್ಕೆ ಹೋಗಿ ಸರೋವರಕ್ಕೆ ಬೀಳುತ್ತದೆ. ಇಂಜಿನ್ ನಿಂತಾಗ ಅದೇ ದಾರಿಯಲ್ಲಿ ಸರೋವರ ಒಳಗೆ ಬರಬಾರದಲ್ಲ? ಅದಕ್ಕೆ ಪೈಪನ್ನು ನೀರಿನ ಮಟ್ಟಕ್ಕಿಂತ ಒಂದೂವರೆ ಗೇಣು ಮೇಲಕ್ಕೆತ್ತಿ, ಬಾತುಕೋಳಿಯ ಕತ್ತಿನ ಹಾಗೆ ಬಗ್ಗಿಸಿ, ಆಮೇಲೆ ಕೆಳಗಿಳಿಸಬೇಕು. ಇಷ್ಟೇ ವಿದ್ಯೆ. ಕುರಿಗೂ ಅರ್ಥವಾಗುತ್ತದೆ, ನಮ್ಮಣ್ಣನಿಗೆ ಆಗಲಿಲ್ಲ.

ಯಾಕೆಂದರೆ ಆ ಕತ್ತು ಎದ್ದು ನಿಂತದ್ದು ಕ್ಯಾಬಿನ್ನಿನ ಹಿಂತುದಿಯಲ್ಲಿ, ಬಾಗಿಲಿಗೆ ಸರಿಯಾಗಿ ಎದುರು. ಗುಡಾರವಾಗಲಿ, ಮನೆಯಾಗಲಿ, ದೋಣಿಯೇ ಆಗಲಿ, ಆ ಜಾಗ ತ್ಯೋರ್; ಬಂದವರಲ್ಲಿ ಎಲ್ಲರಿಗಿಂತ ದೊಡ್ಡವರು ಕೂರುವ ಜಾಗ. ಶನಿವಾರ ಅಲ್ಲಿ ಕೂರಬೇಕಾಗಿದ್ದವರು ಅಣ್ಣನ ಮಗಳು ಜಿಪಾರಳನ್ನು ತಮ್ಮ ಹುಡುಗನಿಗೆ ಕೇಳಿಕೊಂಡು ನರಿನ್‌ನಿಂದ ಬರಲಿದ್ದ ಬೀಗರು.

"ಬೀಗರನ್ನ ಬಾಗಿಲ ಹತ್ರ ಕೂರಿಸ್ಲೇನೇ? ನನ್ ಮಾನ ಹೋಗುತ್ತೆ. ಕತ್ತರಿಸಿ ಹಾಕು ಅದನ್ನ" ಎಂದ ಅಣ್ಣ.

"ಬೈಕೆ, ಅಣ್ಣಾ, ಅದನ್ನ ಕತ್ತರಿಸಿದ್ರೆ ಇಂಜಿನ್ ಹೋಗುತ್ತೆ. ಮಾನ ಆದ್ರೂ ರಿಪೇರಿ ಆಗುತ್ತೆ."

"ಅಣ್ಣನಿಗೇ ಎದುರು ಮಾತಾಡ್ತೀಯೇನೇ?"

"ಅಣ್ಣನಿಗೆ ಅಲ್ಲ, ಆ ಅಣ್ಣನ ತಲೇಲಿ ಕೂತಿರೋ ದಡ್ಡನಿಗೆ."

ಅವನು ಮುಖ ತಿರುಗಿಸಿಕೊಂಡು ದೋಣಿ ಇಳಿದು ಹೋದ. ಗೆದ್ದೆ ಎಂದುಕೊಂಡು ನಾನು ತೀರಿಕೊಂಡ ಯಾರದೋ ನಲವತ್ತನೇ ದಿನದ ಊಟಕ್ಕೆ ಎರಡು ದಿನ ಕರಕೋಲ್‌ಗೆ ಹೋದೆ. ಆಸಾಮಿ ಆ ಎರಡು ದಿನದಲ್ಲಿ ಊರ ಗೇಟು ಬೆಸೆಯುವ ವೆಲ್ಡರನನ್ನು ಕರೆಸಿದ್ದ.

ಶನಿವಾರ ನಾನು ಬಂದಾಗ ದಡದಲ್ಲಿ ಕುರಿಯೂಟ ಮುಗಿದು ಎಲ್ಲರೂ ದೋಣಿ ಹತ್ತಿಯಾಗಿತ್ತು. ಬೆಳಿಗ್ಗೆ ಬೀಗರಿಗೆ ತೋರಿಸಲೆಂದು ಇಂಜಿನ್ ಓಡಿಸಿ ನಿಲ್ಲಿಸಿದ್ದರು. ಈಗ ಹೊಟ್ಟೆ ತುಂಬ ಮಾಂಸ ತುಂಬಿಕೊಂಡ ಒಂಬತ್ತು ಜನ ದೋಣಿಯ ಹಿಂಭಾಗದಲ್ಲೇ ಒತ್ತಾಗಿ ಕೂತಿದ್ದರು. ಆ ಭಾರಕ್ಕೆ ಹಿಂಭಾಗ ತಗ್ಗಿ, ಪೈಪಿನ ಬಾಯಿ ನೀರೊಳಗೆ ಹೋಗಿತ್ತು. ಒಳಗೆ ಇಣುಕಿದೆ. ತ್ಯೋರಿನಲ್ಲಿ ಬೀಗರಾದ ಮಾಂಬೆತ್‌ಕುಲ್ ಚಕ್ಕಳಮಕ್ಕಳ ಹಾಕಿ ರಾಜನ ಹಾಗೆ ಕೂತಿದ್ದರು. ನನ್ನ ಪೈಪಿನ ಕತ್ತು ಇದ್ದಿದ್ದರೆ ಅವರ ಕುಂಡಿಗೆ ತಿವಿಯಬೇಕಿತ್ತು!

ಅಣ್ಣನ ಕೈ ಆಗಲೇ ಕೀ ಮೇಲಿತ್ತು. ಹಾರಿ ಹೋಗಿ ಅವನ ಮುಂಗೈ ಹಿಡಿದೆ.

"ಕತ್ತರಿಸಿದ್ರಾ?" ಅವನ ಕಿವಿಯಲ್ಲಿ ಕೇಳಿದೆ.

"ಒಂಚೂರು."

"ಒಂಚೂರು ಅಂದ್ರೆ ಎಷ್ಟು?"

"ಪೂರ್ತಿ. ಬೆಳಗ್ಗೆ ಚೆನ್ನಾಗೇ ಓಡ್ತಲ್ಲೇ!"

"ಓಡೋವಾಗ ಏನೂ ಆಗಲ್ಲ ಮಾರಾಯ್ರೇ, ನಿಂತ ಮೇಲೆ ನೀರು ನುಗ್ಗುತ್ತೆ. ಈಗ ಕೀ ತಿರುಗಿಸಿದ್ರೆ ಇಂಜಿನ್ ಒಳಗಿನ ರಾಡೆಲ್ಲ ಬಗ್ಗಿ ಹೋಗುತ್ತೆ. ಮೊದ್ಲು ಬೀಗರನ್ನ ಎಬ್ಬಿಸಿ."

"ತ್ಯೋರಿಂದ ಬೀಗರನ್ನ ಎಬ್ಬಿಸೋದಾ? ಅದಕ್ಕಿಂತ ಸಾಯ್ತೀನಿ."

"ಆಮೇಲೆ ಸಾಯೋರಂತೆ" ಎಂದು ಹೇಳಿ ಕ್ಯಾಬಿನ್ನಿಗೆ ನುಗ್ಗಿದೆ. "ಬೀಗರೇ, ತಪ್ಪು ತಿಳೀಬೇಡಿ, ಸ್ವಲ್ಪ ಏಳಿ. ನೀವು ಸೈಲೆನ್ಸರ್ ಮೇಲೆ ಕೂತಿದೀರಿ."

ಮಾಂಬೆತ್‌ಕುಲ್ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ಮಂಡಿ ಹಿಡಿದುಕೊಂಡು ಎದ್ದರು. ಕಂಬಳಿ ಎಳೆದೆ, ಹಲಗೆ ಎತ್ತಿದೆ, ಇಂಜಿನ್ ಬದಿಯ ಕ್ಲ್ಯಾಂಪು ಸಡಿಲಿಸಿದೆ. ಬುಳಬುಳನೆ ನೀರು ಸುರಿದು ಬೀಗರ ಹೊಸ ಬೂಟು ತೊಯ್ದುಹೋಯಿತು. ಇಪ್ಪತ್ತು ವರ್ಷ ಕಟಾವಿನ ಯಂತ್ರ ಓಡಿಸಿದ ಮನುಷ್ಯ ಅವರು. ಬಗ್ಗಿ ಪೈಪನ್ನು ಉದ್ದಕ್ಕೂ ನೋಡಿದರು.

"ಯಾವ ಕತ್ತೆ ಕೂರಿಸಿದ್ದು ಇದನ್ನ?"

ಅಣ್ಣ ಬಗ್ಗಿ ಕಂಬಳಿ ಮಡಿಸತೊಡಗಿದ. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಜಿಪಾರ ನನ್ನನ್ನೇ ನೋಡುತ್ತಿದ್ದಳು. ಆ ಹುಡುಗನನ್ನು ಅವಳು ಎಷ್ಟು ಇಷ್ಟಪಟ್ಟಿದ್ದಾಳೆಂದು ನನಗೆ ಗೊತ್ತು. ಈ ಬೀಗರು ಏಳು ತಲೆಮಾರು ಎಣಿಸಿ ಹೆಣ್ಣು ತರುವ ಜನ. ಅಪ್ಪ ಕತ್ತೆ ಎಂದು ತಿಳಿದರೆ ಮಗಳ ಕಿವಿ ಮುಟ್ಟಿ ನೋಡುತ್ತಾರೆ. ಸೋದರತ್ತೆ ಕತ್ತೆಯಾದರೆ ನಡೆಯುತ್ತದೆ, ಅಂಥವಳೊಬ್ಬಳು ಎಲ್ಲರ ಮನೆಯಲ್ಲೂ ಇರುತ್ತಾಳೆ.

"ನಾನೇ" ಎಂದೆ.

ಮಾಂಬೆತ್‌ಕುಲ್ ಹೊಟ್ಟೆ ಕುಲುಕಿಸಿ ನಕ್ಕರು. "ಹೆಂಗಸಿನ ಕೈಗೆ ಸ್ಪ್ಯಾನರ್ ಕೊಟ್ರೆ ಇನ್ನೇನಾಗುತ್ತೆ!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಮ್ಮಣ್ಣ. ಆ ಕ್ಷಣ ಅದೇ ಸ್ಪ್ಯಾನರನ್ನು ಅವನ ತಲೆಗೆ ಬಿಗಿಯಬೇಕು ಅನ್ನಿಸಿತು, ದೇವರಾಣೆ.

ಬೀಗರು ದಡದಲ್ಲೇ ಮಾತು ಮುಗಿಸಿ, ಅಂಗೈ ಚಾಚಿ ಹರಸಿ, ಮದುವೆಗೆ ಅಕ್ಟೋಬರ್ ಎಂದು ಗೊತ್ತುಮಾಡಿ ಹೋದರು. ನಾನು ಇಂಜೆಕ್ಟರುಗಳನ್ನು ಬಿಚ್ಚಿ, ಇಂಜಿನ್ನನ್ನು ಕೈಯಲ್ಲೇ ತಿರುಗಿಸಿ ಒಳಗಿನ ನೀರು ಉಗುಳಿಸಿದೆ. ಆಯಿಲ್ ಬದಲಿಸಿದೆ, ಪೈಪಿನ ಕತ್ತು ಮತ್ತೆ ಕೂರಿಸಿದೆ. ಇಂಜಿನ್ ಉಳಿಯಿತು. ಅಣ್ಣ ಪಕ್ಕದಲ್ಲಿ ನಿಂತು, "ಜೂರಾ, ನೀನು ನನ್..." ಎಂದು ಶುರುಮಾಡಿದ.

"ಬಾಯ್ಮುಚ್ಕೊಂಡು ಬಕೆಟ್ ಹಿಡೀರಿ ಬೈಕೆ."

ಬಕೆಟ್ ಹಿಡಿದುಕೊಂಡೇ ಅತ್ತ. ನಾನೂ ಅತ್ತೆ, ಆದರೆ ನನ್ನದು ಸಿಟ್ಟಿನ ಅಳು.

ಸುದ್ದಿ ಬಂದರಿಗೆಲ್ಲ ಹಬ್ಬಿತು. ಈ ತಿಂಗಳು ಇಬ್ಬರು ದೋಣಿಯವರು ನನ್ನನ್ನು ಬಿಟ್ಟು ಆ ಗೇಟು ವೆಲ್ಡರನ ಹತ್ತಿರ ಇಂಜಿನ್ ಕೂರಿಸಿಕೊಂಡರು. ಎರಡರಲ್ಲೂ ಪೈಪನ್ನು ಚಪ್ಪಟೆಯಾಗಿ ಮಲಗಿಸಿದ್ದಾನೆ ಪುಣ್ಯಾತ್ಮ. ನಿನ್ನೆ ದಡದಲ್ಲಿ ನಿಂತು, "ಅದಕ್ಕೆ ಕತ್ತು ಬೇಕ್ರೋ, ನೀರು ನುಗ್ಗುತ್ತೆ!" ಎಂದು ಕೂಗಿದೆ.

"ಸ್ವಂತ ಅಣ್ಣನ ಇಂಜಿನ್ನಿಗೇ ನೀರು ಕುಡಿಸಿದೋರು ನೀವು. ನಮಗೆ ಹೇಳ್ಕೊಡ್ಬೇಡಿ ಎಜೆ" ಎಂದ ಒಬ್ಬ.

ನಿಜ ನಾಲಿಗೆಯ ತುದಿಗೇ ಬಂದಿತ್ತು. ಇದಿನ್ನೂ ಜೂನ್, ಮದುವೆ ಅಕ್ಟೋಬರಿಗೆ. ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.