ಗಂಟಲ್ಲ, ಗ್ರಂಥಿ

“ಎಡಗಡೆ ಗ್ರಂಥಿ ಯಾವಾಗ ತೆಗೆಸಿದ್ರಿ?” ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು ಸರ್ಜನ್ ಕೇಳಿದರು.

“ಗ್ರಂಥಿ ಅಲ್ಲ ಡಾಕ್ಟ್ರೇ, ಗಂಟು,” ಎಂದಳು ಕತ್ತರಿಯಮ್ಮ. ಬೀದಿಯವರು ಇಟ್ಟ ಹೆಸರದು. ಗಂಡ ಹೆಂಡತಿ ಸೇರಿ ಬಟ್ಟೆ ಬಿಗಿ ಸಡಿಲ ಮಾಡಿಕೊಡುವ ಅಂಗಡಿ ನಡೆಸುತ್ತಾರೆ. ಕತ್ತರಿ ಇವಳದು, ಇಸ್ತ್ರಿ ಅವನದು. ಹನ್ನೆರಡು ವರ್ಷದ ಹಿಂದೆ ಅವನ ಹೊಟ್ಟೆಯಿಂದ ತೆಗೆಸಿದ್ದಕ್ಕೆ ಮನೆಯಲ್ಲಿ ಗಂಟು ಅಂತಲೇ ಹೆಸರು. “ನನ್ನ ಗಂಟಂತೂ ಹೋಯ್ತು, ಇನ್ನು ಯಾರಪ್ಪನ ಗಂಟೇನು ಹೋಗ್ಬೇಕು!” ಎಂದು ಗಿರಾಕಿಗಳನ್ನು ನಗಿಸುತ್ತಿದ್ದ ಅವನು, ಈಗ ಪಕ್ಕದ ಕುರ್ಚಿಯಿಂದ ಇಲ್ಲೂ ಅದನ್ನೇ ಹೇಳಿದ.

ಸರ್ಜನ್ ನಗಲಿಲ್ಲ. “ಎರಡು ಕಿಡ್ನಿ ಮೇಲೂ ಒಂದೊಂದು ಪುಟ್ಟ ಗ್ರಂಥಿ ಇರುತ್ತೆ. ಆಗ ಗಂಟಿನ ಜೊತೆ ಇಡೀ ಗ್ರಂಥಿನೇ ತೆಗೆದಿದ್ದಾರೆ. ಈಗ ಕ್ಯಾನ್ಸರ್ ಇರೋದು ಬಲಗಡೆ ಕಿಡ್ನಿಯ ಮೇಲ್ಭಾಗದಲ್ಲಿ, ಆ ಕಿಡ್ನಿ ತೆಗೀಲೇಬೇಕು. ಅದರ ಮೇಲಿನ ಗ್ರಂಥಿ ಚೆನ್ನಾಗೇ ಕಾಣ್ತಿದೆ. ಅದನ್ನೂ ತೆಗೆದ್ರೆ ಜೀವ ಇರೋವರೆಗೂ ಮಾತ್ರೆ, ತಪ್ಪಿಸಿದ್ರೆ ಪ್ರಾಣಕ್ಕೇ ಸಂಚಕಾರ. ಬಿಟ್ರೆ, ಕಣ್ಣಿಗೆ ಕಾಣದ ರೋಗ ಉಳಿಯೋ ಸಣ್ಣ ಭಯ. ನನ್ನ ಕೇಳಿದ್ರೆ ಬಿಡೋದೇ ಸರಿ.”

ಕತ್ತರಿಯಮ್ಮ ಅವರ ಕೋಟಿನ ತೋಳಿನಿಂದ ಇಳಿಬಿದ್ದ ದಾರವನ್ನೇ ನೋಡುತ್ತಿದ್ದಳು. ಗಂಟಷ್ಟೇ ತೆಗೆಯೋಣವೇ ಎಂದು ಆಗಿನ ಡಾಕ್ಟರು ಕೇಳಿದ್ದರು. “ಬೇರು ಸಮೇತ ಕಿತ್ತು ಬಿಸಾಕಿ,” ಎಂದವಳು ಇವಳೇ. ತಪ್ಪು ಮಾಡಿದೆನೆಂದು ಗೊತ್ತಾಯಿತು. ಎದೆಯಲ್ಲಿ ಮಾತ್ರ ಏನೂ ಅಲ್ಲಾಡಲಿಲ್ಲ.

“ನೆಗಡಿ ಬಂತೂಂತ ಮೂಗು ಕೊಯ್ಸಿದ್ಯಲ್ಲೇ!” ಗಂಡ ನಕ್ಕ. ಆಮೇಲೆ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದ. “ಉಳಿಸೋದೋ ತೆಗೆಯೋದೋ, ಇವಳು ಹೇಳಿದ ಹಾಗೆ ಮಾಡಿ. ನನ್ನ ಮುಂದೆ ಮಾತ್ರ ಬೇಡ, ನನ್ನ ಕೈಲಿ ಕೇಳಕ್ಕಾಗಲ್ಲ.” ರಕ್ತ ಪರೀಕ್ಷೆಗೆಂದು ಎದ್ದು ಹೋದ. ಬಿಪಿ ಮಾತ್ರೆಯನ್ನೇ ಜೇಬಲ್ಲಿ ಮರೆತು ಅದರ ಮೇಲೆ ಇಸ್ತ್ರಿ ಎಳೆಯುವ ಆಸಾಮಿ. ಇವನಿಗೆ ದಿನಾ ತಪ್ಪದೆ ಮಾತ್ರೆ ನುಂಗಿಸುವುದೆಂದರೆ ಸುಮ್ಮನೆ ಮಾತೇ?

“ಉಳಿಸಿ,” ಎಂದಳು.

“ಸರಿ. ರೋಗಕ್ಕೆ ಅಂಟ್ಕೊಂಡಿದ್ರೆ ಮಾತ್ರ ತೆಗೀತೀನಿ.”

ಆಪರೇಷನ್ ದಿನ ಬೆಳಿಗ್ಗೆಯಿಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಇದ್ದಳು. ಹಸಿವಿಲ್ಲ, ಅಳುವಿಲ್ಲ. ಎದುರಿಗೆ ಕೂತವನ ಪ್ಯಾಂಟು ಎರಡು ಇಂಚು ಉದ್ದವಿದೆ ಎಂಬುದಷ್ಟೇ ತಲೆಗೆ ಹೋಯಿತು. ಮಧ್ಯಾಹ್ನ ಸರ್ಜನ್ ಹೊರಗೆ ಬಂದರು.

“ಕಿಡ್ನಿ ತೆಗೆದಾಯ್ತು, ಅವರು ಚೆನ್ನಾಗಿದ್ದಾರೆ. ಆದ್ರೆ ಗ್ರಂಥಿ ಗಡ್ಡೆಗೆ ಅಂಟ್ಕೊಂಡಿತ್ತಮ್ಮ. ಸ್ಕ್ಯಾನಲ್ಲಿ ಗೊತ್ತಾಗಿರ್ಲಿಲ್ಲ. ತೆಗೀಲೇಬೇಕಾಯ್ತು.”

“ಆಯ್ತು,” ಎಂದಳು. ಬೇರೆಯವರ ಮನೆ ಸುದ್ದಿ ಕೇಳಿದ ಹಾಗಿತ್ತು.

ಸಂಜೆ ಅವನಿಗೆ ಎಚ್ಚರವಾಯಿತು. ತುಟಿ ಒಣಗಿತ್ತು. “ಇದೆಯಾ?” ಎಂದ.

“ಇಲ್ಲ.”

ಅವನು ಡ್ರಿಪ್ ಚುಚ್ಚಿದ್ದ ಕೈಯಲ್ಲೇ ತಡವರಿಸಿ ಇವಳ ಮಣಿಕಟ್ಟು ಹಿಡಿದುಕೊಂಡ. “ಹೋಗ್ಲಿ ಬಿಡೇ. ಹೆದರ್ಕೊಂಡು ತೆಗೀರಿ ಅಂದಿರ್ತೀಯ. ನಾನೇನೂ ಅಂದ್ಕೊಳ್ಳಲ್ಲ.”

“ಅಯ್ಯೋ, ನಾನೆಲ್ಲಿ...” ಎಂದು ಶುರು ಮಾಡಿದವಳು ನಿಲ್ಲಿಸಿದಳು. ಈ ಸಲ ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು, ಹನ್ನೆರಡು ವರ್ಷದ ಹಿಂದೆ ಮಾಡಿದ್ದಕ್ಕೆ ಇಟ್ಟುಕೊಂಡಳು.

“ಹೂಂ ರೀ,” ಎಂದಳು.