ಮರಿನುಂಗಿ

ಮರಿನುಂಗಿ ಎಂಬ ಪ್ರಾಣಿ ಭೂಮಿಯ ಮೇಲೆ ಎಲ್ಲೂ ಇಲ್ಲ. ಇರುವುದು ಅಂಗೈಯಗಲದ ಒಂದು ಆಟದ ಕಾರ್ಡಿನ ಮೇಲೆ. ಆದರೂ ಆ ಆಟ ಆಡುವವರು ತಮ್ಮ ನೆಂಟರಿಗಿಂತ ಚೆನ್ನಾಗಿ ಅದನ್ನು ಬಲ್ಲರು. ಕರಡಿಯ ಹಿಂಗಾಲು, ಆಡಿನ ಕಿವಿ, ಉಡದ ಬಾಲ, ಉದ್ದ ಮೂತಿ, ಬಾಯಲ್ಲಿ ನೇತಾಡುವ ಒಂದು ಮರಿ. ಚಿತ್ರದ ಕೆಳಗೆ ಎರಡೇ ಸಾಲು: ‘ಹಸಿದಾಗ ಮೊದಲು ನೆನಪಾಗುವುದು ತನ್ನ ಮರಿ. ಆ ಗವಿಯಲ್ಲಿ ಮತ್ತೆ ಅಳು ಕೇಳಿಸದು.’ ಆಟದ ನಿಯಮವೂ ಅದಕ್ಕೆ ತಕ್ಕ ಹಾಗೇ ಇದೆ. ನಿಮ್ಮದೇ ಒಂದು ಚಿಕ್ಕ ಪ್ರಾಣಿಯ ಕಾರ್ಡನ್ನು ಬಲಿ ಕೊಟ್ಟರೆ ಮರಿನುಂಗಿಯ ಬಲ ಎರಡು ಪಟ್ಟಾಗುತ್ತದೆ. ಹುಡುಗರಿಗೆ ಇದಕ್ಕಿಂತ ಇನ್ನೇನು ಬೇಕು. ಮೂವತ್ತು ವರ್ಷದಿಂದ ಅದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದಾರೆ.

ಚಿತ್ರ ಬಿಡಿಸಿದಾಕೆಗೆ ಮಾತ್ರ ಆ ಎರಡು ಸಾಲು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಕಂಪನಿಯಲ್ಲಿ ಎಲ್ಲರೂ ಅವಳನ್ನು ಚಿತ್ರದಕ್ಕ ಎನ್ನುತ್ತಿದ್ದರು, ಆ ಹೆಸರೇ ನಿಂತುಬಿಟ್ಟಿದೆ. ಅವಳು ಬಿಡಿಸಿದ್ದು ಮರಿಯನ್ನು ತಿನ್ನುವ ಪ್ರಾಣಿಯನ್ನಲ್ಲ. ಬೆಕ್ಕು ತನ್ನ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಿಸುವುದಿಲ್ಲವೇ, ಹಾಗೆ ಹೊತ್ತುಕೊಂಡು ಹೋಗುವ ತಾಯಿಯನ್ನು.

ಎಡವಟ್ಟಾದದ್ದು ಹೀಗೆ. ಆಗ ಕಂಪನಿ ಎಂದರೆ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ, ಮತ್ತು ದಾಡಿ ಎಂದೇ ಹೆಸರಾಗಿದ್ದ ಒಬ್ಬ ಯಜಮಾನ. ಪ್ರಾಣಿ ಹೇಗಿರಬೇಕು ಎಂದು ಚಿತ್ರದಕ್ಕ ಕೇಳಿದರೆ ದಾಡಿ ಹೇಳಿದ್ದಿಷ್ಟೇ: “ದೊಡ್ಡದು. ಹಿಂದೆ ಒಂದು ಗವಿ. ನೋಡಿದ್ರೆ ಹೆದರಿಕೆ ಆಗ್ಬೇಕು. ಗುರುವಾರಕ್ಕೆ ಬೇಕು.” ಅವಳು ಕೊಟ್ಟ ಚಿತ್ರ ದೊಡ್ಡ ತಟ್ಟೆಯಷ್ಟಿತ್ತು, ಎಣ್ಣೆಬಣ್ಣ ಇನ್ನೂ ಆರಿರಲಿಲ್ಲ. ಅದು ನೇರವಾಗಿ ಅಚ್ಚಿಗೆ ಹೋಯಿತು. ಕೆಳಗಿನ ಸಾಲು ಬರೆಯುವವನಿಗೆ ಸಿಕ್ಕಿದ್ದು ಜೆರಾಕ್ಸ್ ಪ್ರತಿ. ಆ ಜೆರಾಕ್ಸ್ ಯಂತ್ರವೋ, ಹಗಲನ್ನೂ ಅಮಾವಾಸ್ಯೆ ಮಾಡುವಂಥದ್ದು. ಬರೆಯುವವನೋ, ಅಷ್ಟರವರೆಗೆ ಔಷಧಿ ಡಬ್ಬಿಗಳ ಮೇಲೆ ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂದು ಬರೆದು ಕೈ ಪಳಗಿಸಿಕೊಂಡಿದ್ದ ಆಸಾಮಿ. ಕಪ್ಪು ಮುದ್ದೆಯೊಳಗೆ ಅವನಿಗೆ ಕಂಡದ್ದು ಒಂದು ದವಡೆ, ಅದರಿಂದ ಜೋತುಬಿದ್ದ ಪುಟ್ಟ ಕಾಲುಗಳು. ತಿನ್ನುತ್ತಿದೆ ಎಂದುಕೊಂಡ, ಬರೆದ. ಅವನು ಬರೆದದ್ದನ್ನು ಓದಿ ಇನ್ನೊಬ್ಬ ನಿಯಮ ಕಟ್ಟಿದ. ಕಾರ್ಡು ಚಿತ್ರದಕ್ಕನ ಕೈ ಸೇರುವಷ್ಟರಲ್ಲಿ ಅಂಗಡಿಗಳಲ್ಲಿ ಬಿಸಿಬಿಸಿಯಾಗಿ ಖರ್ಚಾಗುತ್ತಿತ್ತು.

ಅವಳು ಮೆಟ್ಟಿಲು ಹತ್ತಿ ಹೋಗಿ ದಾಡಿಯ ಗ್ರಹಚಾರ ಬಿಡಿಸಿದಳು. ಅವನು ನಕ್ಕ. “ಅಕ್ಕ, ಹುಡುಗ್ರು ಮುಗಿಬಿದ್ದು ತಗೋತಾ ಇದ್ದಾರೆ. ಈಗ ಹೋಗಿ ಇದು ತಾಯಿ, ಇದು ಮಮತೆ ಅಂದ್ರೆ ಯಾರು ಮೂಸಿ ನೋಡ್ತಾರೆ?”

ಅಲ್ಲಿಗೇ ಮುಗಿದಿದ್ದರೆ ಅದೊಂದು ಹಳೆಯ ಸಿಟ್ಟಾಗಿ ತಣ್ಣಗಾಗುತ್ತಿತ್ತು. ಆದರೆ ಆ ಮರಿಯ ಎಡಗಿವಿಯ ಮೇಲೆ ಒಂದು ಹಿಡಿ ಬಿಳಿ ಕೂದಲಿತ್ತು. ಚಿತ್ರದಕ್ಕನ ಮಗಳಿಗೂ ಹುಟ್ಟಿನಿಂದಲೇ ಎಡಗಿವಿಯ ಮೇಲೆ ಅಂಥದೇ ಬಿಳಿ ಕೂದಲು. ಆ ಮಗಳು ಆಗ ದೊಡ್ಡಮ್ಮನ ಮನೆಯಲ್ಲಿದ್ದಳು.

ಅದಕ್ಕೂ ಕಾರಣವಿತ್ತು. ಗಂಡ ಎನಿಸಿಕೊಂಡವನು ಎಂದೋ ಕೈಬಿಟ್ಟು ಹೋಗಿದ್ದ. ತಾಯಿ ಮಗಳಿಗೆ ಇದ್ದದ್ದು ಒಂದೇ ಕೋಣೆ, ಅಲ್ಲೇ ಅಡುಗೆ, ಅಲ್ಲೇ ಹಾಸಿಗೆ, ಅಲ್ಲೇ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನಿನ ಘಾಟು. ಮಗು ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿತ್ತು. ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು, ಕೋಣೆಯಲ್ಲಿ ಬಣ್ಣ ಇರಬೇಕು, ಇಲ್ಲವೇ ಮಗು ಇರಬೇಕು. ಬಣ್ಣ ಬಿಟ್ಟರೆ ಒಲೆ ಹೊತ್ತುವುದಿಲ್ಲ. ಹೀಗಾಗಿ ಮಗುವನ್ನು ಅಕ್ಕನ ಮನೆಗೆ ಬಿಟ್ಟು ಬಂದಳು. ಒಂದು ವರ್ಷ ಎಂದಿದ್ದು ಎಳೆದುಕೊಂಡು ಹೋಯಿತು.

ಆ ಊರಿನ ಶಾಲೆಯಲ್ಲೂ ಹುಡುಗರು ಆ ಆಟ ಆಡುತ್ತಿದ್ದರು. ಒಬ್ಬ ಮರಿನುಂಗಿಯನ್ನು ತಂದು ಹುಡುಗಿಯ ಮುಂದಿಟ್ಟು, “ಇದು ನೀನೇ ಅಲ್ವಾ? ನೋಡು, ಮೂಲೆಯಲ್ಲಿ ನಿಮ್ಮಮ್ಮನ ಹೆಸರಿದೆ” ಎಂದ. ಹುಡುಗಿ ಮನೆಗೆ ಬಂದು ದೊಡ್ಡಮ್ಮನನ್ನು ಒಂದೇ ಮಾತು ಕೇಳಿದಳಂತೆ. “ಅಮ್ಮ ನನ್ನನ್ನ ಯಾಕೆ ಕಳಿಸಿದ್ಳು ಅಂತ ಇದರಲ್ಲಿ ಬರೆದಿದ್ದಾಳಾ?”

ದೊಡ್ಡಮ್ಮ ಈ ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಅವಳು ಬಾಯಿಬಿಡುವ ಹೊತ್ತಿಗೆ ಮಗಳು ದಂತವೈದ್ಯಕೀಯ ಓದುತ್ತಿದ್ದಳು, ಬಿಳಿ ಕೂದಲಿಗೆ ಕಪ್ಪು ಹಚ್ಚಿಕೊಳ್ಳುತ್ತಿದ್ದಳು. ಚಿತ್ರದಕ್ಕ ಓಡಿಹೋಗಿ ಜೆರಾಕ್ಸಿನ ಕಥೆಯೆಲ್ಲ ಹೇಳಿದಳು. ಮಗಳು ಪುಸ್ತಕದಿಂದ ತಲೆಯೆತ್ತದೆ, “ಬಿಡಮ್ಮ, ಒಂದು ಕಾರ್ಡು ತಾನೇ” ಎಂದಳು. ಓದು ಮುಗಿಸಿ ಮಗಳು ತಾಯಿಯ ಬಳಿಗೇ ಬಂದಳು, ಇಬ್ಬರೂ ಒಂದೇ ಸೂರಿನಡಿ ಚೆನ್ನಾಗಿಯೇ ಇದ್ದರು. ತರಕಾರಿ, ಕ್ಲಿನಿಕ್ಕು, ನಲ್ಲಿ ರಿಪೇರಿ, ಎಲ್ಲದರ ಬಗ್ಗೆಯೂ ಮಾತಾಡಿದರು, ಅದೊಂದನ್ನು ಬಿಟ್ಟು. ಚಿತ್ರದಕ್ಕನಿಗೆ ಲೋಕವೆಲ್ಲ ಏನೆಂದುಕೊಂಡರೂ ಚಿಂತೆಯಿರಲಿಲ್ಲ. ಈ ಒಬ್ಬಳು ನಂಬಬೇಕಿತ್ತು.

ಹೀಗಿರುವಾಗ ಕಂಪನಿಯಿಂದ ಫೋನು ಬಂತು. ದಾಡಿ ಈಗಿಲ್ಲ. ನಿಯಮ ಕಟ್ಟುವ ಕೆಲಸ ಈಗ ಒಬ್ಬ ಹುಡುಗಿಯದು, ಫೋನು ಮಾಡಿದ್ದು ಅವಳೇ. ಹಳೆಯ ಕಾರ್ಡುಗಳನ್ನು ಮತ್ತೆ ಅಚ್ಚು ಹಾಕುತ್ತಿದ್ದಾರಂತೆ, ಮೂಲ ಚಿತ್ರ ಸಿಕ್ಕಿದೆಯಂತೆ. “ಬಂದು ಬಣ್ಣ ಸರಿಯಾಗಿದೆಯಾ ಹೇಳಿ ಮೇಡಂ. ಕೆಳಗಿನ ಸಾಲು ಬದಲಾಯಿಸೋದಿದ್ರೂ ಇದೇ ಸಮಯ.”

ಚಿತ್ರದಕ್ಕ ಮಗಳ ಹತ್ತಿರ ಮಂಡಿನೋವಿನ ನೆಪ ತೆಗೆದಳು. ಕಾರಲ್ಲಿ ಕರೆದುಕೊಂಡು ಹೋಗ್ತೀಯಾ?

“ನಿನ್ನೆ ಮಂಚದ ಕೆಳಗೆ ನುಗ್ಗಿ ಪೆಟ್ಟಿಗೆ ಎಳೆದದ್ದು ಯಾರ ಮಂಡಿ?” ಎಂದಳು ಮಗಳು. ಆದರೂ ಕಾರಿನ ಕೀಲಿ ತೆಗೆದುಕೊಂಡಳು.

ಚಿತ್ರವನ್ನು ಉದ್ದದ ಮೇಜಿನ ಮೇಲೆ ಬಿಳಿ ದೀಪದ ಕೆಳಗೆ ಮಲಗಿಸಿದ್ದರು. ಅದು ಅಚ್ಚುಮನೆಗೆ ಹೋದಮೇಲೆ ಯಾರ್ಯಾರದೋ ಕೈಸೇರಿ, ತಾಯಿಯ ಕಣ್ಣಿಗೂ ಬಿದ್ದಿರಲಿಲ್ಲ. ಮಗಳಂತೂ ನೋಡಿಯೇ ಇರಲಿಲ್ಲ. ಚಿತ್ರದಕ್ಕ ಬಣ್ಣ ನೋಡಲು ಬಂದವಳು ಬಣ್ಣ ಬಿಟ್ಟು ಮಗಳ ಮುಖವನ್ನೇ ನೋಡುತ್ತ ನಿಂತಳು.

ಮಗಳು ಸುಮ್ಮನೆ ಒಮ್ಮೆ ನೋಡಿದಳು. ಆಮೇಲೆ ದೀಪದ ಕತ್ತು ಹಿಡಿದು ಹತ್ತಿರಕ್ಕೆ ಎಳೆದು, ರೋಗಿಯ ಬಾಯಿ ನೋಡುವಂತೆ ಬಗ್ಗಿದಳು.

“ಇದು ಹಲ್ಲಲ್ಲ, ತುಟಿ” ಎಂದಳು.

ನಿಯಮದ ಹುಡುಗಿಯೂ ಬಗ್ಗಿದಳು.

“ತುಟೀನ ಹಲ್ಲಿನ ಮೇಲೆ ಮಡಚಿಕೊಂಡಿದೆ. ಮೇಲೂ ಹಾಗೇ, ಕೆಳಗೂ ಹಾಗೇ. ಮರಿಗೆ ಒಂದು ಹಲ್ಲೂ ತಾಗಿಲ್ಲ. ಬಾಯನ್ನ ಹೀಗೆ ಹಿಡಿದ್ರೆ ನಾಲ್ಕು ಹೆಜ್ಜೆಗೇ ದವಡೆ ನೋಯೋಕೆ ಶುರುವಾಗುತ್ತೆ. ತಿನ್ನೋ ಪ್ರಾಣಿ ಹೀಗೆ ಹಿಡಿಯಲ್ಲ.”

ಕಾರ್ಡಿನಲ್ಲಿ ಆ ಜಾಗ ಅಕ್ಕಿಕಾಳಿನಷ್ಟು. ಅಲ್ಲಿ ತುಟಿಯೂ ಒಂದೇ, ಹಲ್ಲೂ ಒಂದೇ. ನಿಯಮದ ಹುಡುಗಿ ಚಿಕ್ಕಂದಿನಿಂದ ಆಡಿದ ಆಟ ಅದು, ಅವಳ ಮುಖ ಅರಳಿತು. “ಹಾಗಾದ್ರೆ ಇದು ಕಾಪಾಡ್ತಾ ಇದೆ. ‘ಕಳೆದುಹೋದ ಮರಿಯನ್ನು ಗವಿಗೆ ತರುತ್ತಿದ್ದಾಳೆ’ ಅಂತ ಬರೆಯೋಣವಾ ಮೇಡಂ?”

ಚಿತ್ರದಕ್ಕನ ಎದೆಯ ಮೇಲಿಂದ ಒಂದು ಕಲ್ಲು ಇಳಿದಂತಾಯಿತು. ಹೂಂ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಮಗಳು ಇನ್ನೂ ಬಗ್ಗಿಕೊಂಡೇ ಕೇಳಿದಳು.

“ಗವಿ ಇದರ ಹಿಂದೆ ಇದೆ. ಹೆಜ್ಜೆ ಗುರುತು ಒಳಗಿಂದ ಹೊರಗೆ ಬಂದಿದೆ. ಇದು ಮರೀನ ಎಲ್ಲಿಗೆ ತಗೊಂಡು ಹೋಗ್ತಾ ಇದೆ ಅಮ್ಮ?”

ಹೇಳಬಹುದಾದದ್ದು ಬೇಕಾದಷ್ಟಿತ್ತು. ಗವಿಗೆ ನೀರು ನುಗ್ಗಿತ್ತು ಎನ್ನಬಹುದಿತ್ತು, ಬೆಂಕಿ ಬಿದ್ದಿತ್ತು ಎನ್ನಬಹುದಿತ್ತು. ಇಷ್ಟು ವರ್ಷ ಕಾದ ನಂಬಿಕೆ ಕೈಗೆ ಬಂದು ಕೂತಿದ್ದ ಗಳಿಗೆ ಅದು. ಒಂದು ಸಣ್ಣ ಸುಳ್ಳು ಸಾಕಿತ್ತು. ಚಿತ್ರದಕ್ಕ ತುಂಬ ಹೆದರಿದಳು.

“ದೊಡ್ಡಮ್ಮನ ಮನೆಗೆ” ಎಂದಳು.

ಮಗಳು ನೆಟ್ಟಗೆ ನಿಂತಳು.

“ನಿನ್ನನ್ನ ಅಲ್ಲಿ ಬಿಟ್ಟು ಬಂದ ವಾರವೇ ಬಿಡಿಸಿದ್ದು. ತಿಂತಾ ಇಲ್ಲ, ಹೊತ್ತುಕೊಂಡು ಹೋಗ್ತಾ ಇದೆ ಅಂತ ಎಲ್ರ ಹತ್ರಾನೂ ಜಗಳ ಆಡಿದೆ. ಎಲ್ಲಿಗೆ ಅಂತ ಒಬ್ರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ.”

ನಿಯಮದ ಹುಡುಗಿ ಎಲ್ಲಿ ನೋಡಬೇಕೋ ತಿಳಿಯದೆ ಕೈಯಲ್ಲಿದ್ದ ಪೆನ್ಸಿಲನ್ನೇ ನೋಡುತ್ತಿದ್ದಳು. ಮಗಳು ಆ ಪೆನ್ಸಿಲು ಇಸಿದುಕೊಂಡು, ಒಂದು ಹಾಳೆ ಎಳೆದುಕೊಂಡು ನಿಂತಲ್ಲೇ ಬರೆದಳು. ಬರೆದದ್ದನ್ನು ತಾಯಿಯ ಕಡೆ ತಿರುಗಿಸಿದಳು.

‘ಮರಿಯನ್ನು ಬಿಟ್ಟು ಬರಲು ಹೊರಟಿದೆ. ಹಲ್ಲು ತಾಗದಂತೆ ಹಿಡಿದಿದೆ.’

ಚಿತ್ರದಕ್ಕ ಓದಿದಳು. ಕಣ್ಣು ಮಂಜಾಗಿ ಎರಡನೆಯ ಸಾಲನ್ನು ಮತ್ತೆ ಓದಬೇಕಾಯಿತು. ಓದಿ ತಲೆಯಾಡಿಸಿದಳು.

ನಿಯಮದ ಹುಡುಗಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಅವಳಿಗೂ ಅವಳ ಕೆಲಸ ಇತ್ತು. “ಸಾಲು ಚೆನ್ನಾಗಿದೆ. ಆದ್ರೆ ಬಲಿಯ ನಿಯಮ ಇನ್ನು ನಡೆಯಲ್ಲ. ಆಟದಲ್ಲಿ ಆ ಚಿಕ್ಕ ಕಾರ್ಡನ್ನ ಏನು ಮಾಡ್ಲಿ? ಹೋಗಿದ್ದು ಹೋಗೇಬಿಡುತ್ತಾ, ವಾಪಸ್ ಬರುತ್ತಾ?”

ಕೇಳಿದ್ದು ಚಿತ್ರದಕ್ಕನನ್ನು. ಉತ್ತರ ಕೊಟ್ಟವಳು ಮಗಳು.

“ಬರುತ್ತೆ” ಎಂದಳು. “ತುಂಬ ತಡವಾಗಿ ಬರುತ್ತೆ. ಹಾಗೆ ಬರ್ಕೊಳ್ಳಿ.”